ಉದ್ಧರಣ ಚಿಹ್ನೆಯೊಳಗಿನ ಹೆಸರು

ಅವರು ತೀರಿಕೊಂಡ ಸುದ್ದಿ ಕಾಲೇಜಿನ ಮೊಬೈಲ್ ಗ್ರೂಪಿಗೆ ಬಂದಾಗ ನಾನು ಬಿ.ಎ. ಎರಡನೇ ವರ್ಷದ ತರಗತಿಯಲ್ಲಿದ್ದೆ. ಪಾಠ ಮುಗಿಸಿ ಬಂದು ನೋಡುವಷ್ಟರಲ್ಲಿ ನಲವತ್ತು ಜನ ಕೈಮುಗಿದ ಚಿತ್ರ ಕಳಿಸಿದ್ದರು. ಕಾಲೇಜಿನಿಂದ ಮಣ್ಣಿಗೆ ಹೋದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ನಮ್ಮ ಅಟೆಂಡರ್ ಮೌಲಾ ಚಾಚಾ. ಅವರ ಊರು ಮಟಕಿಯಿಂದ ತಿರುಗಿ ಬರುವಾಗ ಬಸ್ಸಿನಲ್ಲಿ, ಅವರ ಮೇಲೆ ನಿಮಗೆ ಅಷ್ಟು ಪ್ರೀತಿ ಇತ್ತೇ ಎಂದು ಚಾಚಾನನ್ನು ಕೇಳಿದೆ. ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಪ್ರೀತಿ ಎಲ್ಲೀದು ಬೇಟಾ. ಖರೇ ಸತ್ತಾನೋ ಇಲ್ಲೋ ನೋಡ್ಕೊಂಡು ಬರಬೇಕಾಗಿತ್ತು," ಎಂದರು.

ತೀರಿಕೊಂಡವರ ಹೆಸರನ್ನು ನಾನು ಬರೆಯುವುದಿಲ್ಲ. ಕಾಲೇಜು ಯಾವ ಊರಿನದೆಂದೂ ಹೇಳುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕುಗಳಲ್ಲಿ ಎಲ್ಲೋ ಒಂದು ಕಡೆ ಎಂದುಕೊಂಡರೆ ಸಾಕು. ಹೆಸರು, ಊರು, ನೌಕರಿ, ಈ ಮೂರರಲ್ಲಿ ಎರಡು ಸಿಕ್ಕರೆ ಮನುಷ್ಯನೇ ಕೈಗೆ ಸಿಕ್ಕಂತೆ ಎಂದು ನನಗೆ ಕಲಿಸಿದವರು ಅವರೇ. ಅವರು ನಮ್ಮ ಗ್ರಂಥಪಾಲಕರು. ಕಾಲೇಜಿನಲ್ಲಿ ಎಲ್ಲರೂ ಸರ್ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೆಂದು ಬರೆಯಲು ಬರುವುದಿಲ್ಲ.

ನಾನು ಅಲ್ಲಿಗೆ ಕನ್ನಡದ ಅತಿಥಿ ಉಪನ್ಯಾಸಕಿಯಾಗಿ ಸೇರಿದ ದಿನ ಗ್ರಂಥಾಲಯದ ಕಾರ್ಡು ಮಾಡಿಸಲು ಅವರ ಬಳಿ ಹೋದೆ. ಬಿಳಿ ಅಂಗಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಮೇಜಿನ ಮೇಲೆ ಒಂದು ಹಳೆಯ ಕಂಪ್ಯೂಟರ್, ಅದರ ಪಕ್ಕ ಮುಚ್ಚಳವಿದ್ದ ತಾಮ್ರದ ಲೋಟ. ಹೆಸರು ಕೇಳಲಿಲ್ಲ. ಬರ್ರಿ ಮೇಡಂ ಎಂದು ಕೂರಿಸಿ, ಆಳಂದದವರಲ್ಲವೇ, ತಂದೆಯದು ಬಜಾರಿನಲ್ಲಿ ಹೊಲಿಗೆ ಅಂಗಡಿಯಲ್ಲವೇ, ಮನೆಮಾತು ಉರ್ದು, ಓದಿದ್ದು ಕನ್ನಡ ಅಲ್ಲವೇ ಎಂದು ಒಂದೊಂದಾಗಿ ಹೇಳಿದರು. ಅರ್ಜಿಯಲ್ಲಿ ನೋಡಿರಬೇಕೆಂದು ನಾನು ನಗುತ್ತ ತಲೆ ಆಡಿಸಿದೆ. ಆಮೇಲೆ ಅದೇ ದನಿಯಲ್ಲಿ ಕೇಳಿದರು:

"ಮೂರನೇ ಸೆಮಿಸ್ಟರದಾಗ ಛಂದಸ್ಸು ಹೋಗಿತ್ತಲ್ರಿ ನಿಮ್ದು. ಈಗ ಹುಡುಗರಿಗೆ ಅದನ್ನ ಕಲಸ್ತೀರಿ ಹೌದಿಲ್ಲೋ?"

ಆ ಫೇಲಾದ ಪೇಪರಿನ ಮಾತು ನಾನು ಮನೆಯಲ್ಲೂ ಹೇಳಿರಲಿಲ್ಲ. ಅವರು ತೋರುಬೆರಳಿನಿಂದ ಮಾನಿಟರಿನ ಅಂಚನ್ನು ಹಿಡಿದು ನಿಧಾನವಾಗಿ ನನ್ನ ಕಡೆ ತಿರುಗಿಸಿದರು. ಎಂದೋ ಮರೆತುಹೋದ ಫಲಿತಾಂಶದ ಪಟ್ಟಿ, ಅದರಲ್ಲಿ ನನ್ನ ನಂಬರು, ಅದರ ಮುಂದೆ ಛಂದಸ್ಸಿನ ಅಂಕ. ಅವರ ಮುಖದಲ್ಲಿ ಸಂತೋಷವೇನೂ ಇರಲಿಲ್ಲ. ಅಂಗಡಿಯವನು ಬಟ್ಟೆ ಬಿಚ್ಚಿ ತೋರಿಸುವಾಗ ಇರುವಷ್ಟೇ ಗಮನ ಇತ್ತು. ಅಷ್ಟು ತೋರಿಸಿ, ಕಾರ್ಡಿಗೆ ಸಹಿ ಹಾಕಿ ಕೊಟ್ಟರು.

ಆ ದಿನವೇ ಅವರಿಂದ ದೂರ ಇರಬೇಕಾಗಿತ್ತು. ಆದರೆ ನಾನು ಹತ್ತಿರ ಹೋದೆ. ಯಾಕೆಂದರೆ ನನಗೆ ಅವರ ವಿದ್ಯೆ ಬೇಕಾಗಿತ್ತು. ಭೀಮಾ ತೀರದ ಮೊಹರಂ ಪದಗಳ ಮೇಲೆ ನಾನು ಸಂಶೋಧನೆ ಮಾಡುತ್ತಿದ್ದೆ. ಅಂತರ್ಜಾಲದಲ್ಲಿ ಮೊಹರಂ ಎಂದು ಹುಡುಕಿದರೆ ಸರಕಾರಿ ರಜೆಯ ಪಟ್ಟಿಗಳು, ಬ್ಯಾಂಕು ತೆರೆದಿದೆಯೋ ಮುಚ್ಚಿದೆಯೋ ಎಂಬ ಸುದ್ದಿಗಳು ಪುಟಗಟ್ಟಲೆ ಬರುತ್ತಿದ್ದವು. ಎರಡು ವರ್ಷ ಹೀಗೇ ಕಳೆದಿದ್ದೆ. ಅವರು ಒಂದು ಮಧ್ಯಾಹ್ನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಬೆರಳಿನಲ್ಲಿ ಟೈಪ್ ಮಾಡಿದರು. ಮೊದಲು ಹಾಡಿನ ಒಂದು ಸಾಲು, ಅದರ ಆಚೀಚೆ ಉದ್ಧರಣ ಚಿಹ್ನೆ. ಹಾಗೆ ಕಟ್ಟಿಹಾಕಿದರೆ ಆ ಶಬ್ದಗಳು ಅದೇ ಸಾಲಾಗಿ ಇರುವ ಪುಟ ಮಾತ್ರ ಬರುತ್ತದೆ. ಆಮೇಲೆ ಒಂದು ಕಳೆಯುವ ಚಿಹ್ನೆ, ಅದಕ್ಕೆ ಅಂಟಿಸಿ ರಜೆ ಎಂಬ ಶಬ್ದ. ರಜೆಯ ಮಾತಿರುವ ಪುಟಗಳೆಲ್ಲ ಹೊರಗೆ. ಕೊನೆಗೆ ಫೈಲ್‌ಟೈಪ್, ಎರಡು ಚುಕ್ಕೆ, ಪಿಡಿಎಫ್. ಚುಕ್ಕೆಯಾದ ಮೇಲೆ ಜಾಗ ಬಿಡಬಾರದು. ಬಿಟ್ಟರೆ ಮಷೀನು ಅದನ್ನು ಆಜ್ಞೆ ಎಂದು ತಿಳಿಯುವುದಿಲ್ಲ, ಬರೀ ಮಾತು ಎಂದುಕೊಳ್ಳುತ್ತದೆ. ಇಷ್ಟು ಬರೆದು ತಾಮ್ರದ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದರು. ಆಮೇಲೆ ಎಂಟರ್ ಒತ್ತಿದರು. ನಾನು ಎರಡು ವರ್ಷ ಹುಡುಕಿದ್ದ ಹಸ್ತಪ್ರತಿಗಳ ಸೂಚಿ ಎರಡನೆಯ ಸಾಲಿನಲ್ಲಿತ್ತು.

"ಮಂದಿ ಪ್ರಶ್ನೆ ಕೇಳ್ತಾರ ಮೇಡಂ. ಮಷೀನಿಗೆ ಪ್ರಶ್ನೆ ಬ್ಯಾಡ," ಎಂದರು. "ಉತ್ತರ ಯಾವ ಕಾಗದದಾಗ ಇರ್ತದ, ಆ ಕಾಗದ ಬರದಾಂವ ಏನು ಶಬ್ದ ಬರದಿರ್ತಾನ, ಅದನ್ನ ಬರೀರಿ. ಬ್ಯಾಡಾದ್ದು ಹೊರಗ ಹಾಕ್ರಿ. ಉಳದದ್ದೇ ಬೇಕಾದ್ದು."

ನಾನು ಒಳ್ಳೆಯ ವಿದ್ಯಾರ್ಥಿನಿಯಾಗಿದ್ದೆ. ಎರಡು ವರ್ಷದಲ್ಲಿ ಅವರಿಗೆ ಗೊತ್ತಿದ್ದ ಎಲ್ಲವೂ ನನಗೆ ಗೊತ್ತಾಯಿತು. ಒಂದೇ ಜಾಲತಾಣದ ಹೊಟ್ಟೆಯೊಳಗೆ ಹುಡುಕುವುದು, ಮರೆತ ಶಬ್ದದ ಜಾಗದಲ್ಲಿ ನಕ್ಷತ್ರ ಇಡುವುದು, ಇಂಥ ವರ್ಷಕ್ಕಿಂತ ಮೊದಲಿನದು ಮಾತ್ರ ಬೇಕೆಂದು ಕೇಳುವುದು. ನನ್ನ ಮಹಾಪ್ರಬಂಧದ ಅರ್ಧ ಅವರ ಕೃಪೆ. ಅದನ್ನು ಕೃತಜ್ಞತೆಯ ಪುಟದಲ್ಲಿ ಬರೆದಿದ್ದೇನೆ. ಅಲ್ಲಿ ಹೆಸರೂ ಇದೆ.

ಅವರು ಮಂದಿಗೆ ಉಪಕಾರ ಮಾಡುತ್ತಿರಲಿಲ್ಲವೆಂದಲ್ಲ. ಮಾಡುತ್ತಿದ್ದರು, ಆದರೆ ಉಪಕಾರದೊಳಗೆ ಒಂದು ಮುಳ್ಳು ಇಟ್ಟೇ ಮಾಡುತ್ತಿದ್ದರು. ಮೌಲಾ ಚಾಚಾನ ಮಗಳಿಗೆ ಕಲ್ಯಾಣ ಕರ್ನಾಟಕದ ಮೀಸಲಾತಿಯ ಪ್ರಮಾಣಪತ್ರ ಬೇಕಾಗಿತ್ತು. ಹುಡುಗಿ ಹುಟ್ಟಿದ್ದು ಸೊಲ್ಲಾಪುರದ ಆಸ್ಪತ್ರೆಯಲ್ಲಿ ಎಂದು ಕಚೇರಿಯವರು ಅರ್ಜಿ ತಿರುಗಿಸಿದ್ದರು. ಹೆರಿಗೆಗೆ ಹೊರಗೆ ಹೋದವರ ಮಕ್ಕಳಿಗೂ ಕೊಡಬಹುದೆಂದು ಒಂದು ಸುತ್ತೋಲೆ ಇದೆಯಂತೆ, ಹುಡುಕಿಕೊಡಿ ಎಂದು ಚಾಚಾ ಇವರ ಮೇಜಿನ ಮುಂದೆ ನಿಂತರು. ನಾಳೆ ಬಾ ಎಂದರು. ಮರುದಿನ, ನಾಳೆ ಬಾ. ಒಂಬತ್ತು ದಿನ ಚಾಚಾ ಊಟದ ಹೊತ್ತಿನಲ್ಲಿ ಬಂದು ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತರು. ಹತ್ತನೆಯ ದಿನ ಸುತ್ತೋಲೆ ಕೊಟ್ಟರು. ಅರ್ಜಿಗೆ ಉಳಿದಿದ್ದದ್ದು ಎರಡೇ ದಿನ. ಹಾಳೆಯ ಅಡಿಯಲ್ಲಿ ಪ್ರಿಂಟಾದ ತಾರೀಖು ನನ್ನ ಕಣ್ಣಿಗೆ ಬಿತ್ತು. ಅದು ಮೊದಲನೆಯ ದಿನದ ತಾರೀಖು. ಇದೇನು ಸರ್ ಎಂದು ಕೇಳಿದೆ. ಅವರು ಡಬ್ಬಿ ಬಿಚ್ಚಿ ಜೋಳದ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹರಡುತ್ತಿದ್ದರು. ಮೊದಲನೇ ದಿನ ಕೊಟ್ಟಿದ್ದರೆ ಒಂದು ಸಲಾಂ ಸಿಗುತ್ತಿತ್ತು, ಈಗ ಹತ್ತು ಸಿಕ್ಕವು ಎಂದರು.

ಇನ್ನೊಮ್ಮೆ ಇತಿಹಾಸದ ಮುಖ್ಯಸ್ಥರು ನಿವೃತ್ತರಾದರು. ದೊಡ್ಡ ಸಭೆ, ಶಾಲು, ಹಣ್ಣಿನ ಬುಟ್ಟಿ. ಅವರ ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ಆ ಮುಖ್ಯಸ್ಥರು ಒಂದು ಪುಸ್ತಕ ಬರೆದಿದ್ದರು. ಅದರ ಮೇಲೇ ಅವರ ಮರ್ಯಾದೆ ನಿಂತಿತ್ತು. ಗ್ರಂಥಪಾಲಕರು ಅದರ ಒಂದೊಂದು ಅಧ್ಯಾಯದಿಂದ ಒಂದೊಂದು ವಾಕ್ಯ ಎತ್ತಿ, ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕಿ, ಅಷ್ಟೂ ವಾಕ್ಯಗಳು ದೂರದ ಯಾರೋ ಒಬ್ಬರ ಹಳೆಯ ಪ್ರಬಂಧದಲ್ಲಿ ಹಾಗೆ ಹಾಗೇ ಇರುವುದನ್ನು ಕಂಡುಹಿಡಿದಿದ್ದರು. ಎರಡನ್ನೂ ಪ್ರಿಂಟ್ ಮಾಡಿ, ಹಳದಿ ಗೆರೆ ಎಳೆದು, ಬೈಂಡ್ ಮಾಡಿಸಿ, ಬಣ್ಣದ ಕಾಗದದಲ್ಲಿ ಸುತ್ತಿ ವೇದಿಕೆಯ ಮೇಲೆ ಕೊಟ್ಟರು. ಇಲ್ಲೇ ಬಿಚ್ಚಿ ನೋಡಬೇಕೆಂದು ಪ್ರೀತಿಯಿಂದ ಒತ್ತಾಯ ಮಾಡಿದರು. ಮುಖ್ಯಸ್ಥರು ಬಿಚ್ಚಿದರು, ಎರಡು ಪುಟ ತಿರುವಿದರು, ಮುಚ್ಚಿದರು. ಆಮೇಲೆ ಮಾತಾಡಲು ಮೈಕಿನ ಮುಂದೆ ನಿಂತರೆ ಬಾಯಿಂದ ಶಬ್ದ ಹೊರಡಲಿಲ್ಲ. ಬಹಳ ದಿನದ ನೌಕರಿ, ದುಃಖ ಉಕ್ಕಿ ಬಂದಿದೆ ಎಂದು ಸಭೆ ಚಪ್ಪಾಳೆ ತಟ್ಟಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಬಣ್ಣದ ಕಾಗದದೊಳಗೆ ಏನಿತ್ತೆಂದು ಆ ಸಭಾಂಗಣದಲ್ಲಿ ಮೂವರಿಗೆ ಗೊತ್ತಿತ್ತು. ಮೂರನೆಯವಳು ನಾನು, ಹಳದಿ ಗೆರೆಗಳನ್ನು ಅವರು ನನಗೆ ಮೊದಲೇ ತೋರಿಸಿದ್ದರು. ನಾನೂ ಚಪ್ಪಾಳೆ ತಟ್ಟಿದೆ.

ಇದೆಲ್ಲ ಯಾಕೆ ಮಾಡುತ್ತಿದ್ದರು ಎಂದು ಕೇಳುವವರಿಗೆ ಕಾರಣಗಳನ್ನು ಹೇಳುವವರಿದ್ದಾರೆ. ಎಂದೋ ಬರಬೇಕಾಗಿದ್ದ ದೊಡ್ಡ ನೌಕರಿ ಸುಳ್ಳು ಸರ್ಟಿಫಿಕೇಟಿನವನ ಪಾಲಾಯಿತಂತೆ, ಹೆಂಡತಿ ಬೇಗ ಹೋದಳಂತೆ. ಇರಬಹುದು. ನನಗೆ ಆ ಕಾರಣಗಳ ಮೇಲೆ ನಂಬಿಕೆಯಿಲ್ಲ. ಅವರಿಗೆ ಕೈಯಲ್ಲಿ ಒಂದು ಹರಿತವಾದದ್ದು ಸಿಕ್ಕಿತ್ತು, ಕತ್ತರಿಸಲು ಮಂದಿ ಇದ್ದರು, ಅಷ್ಟೇ.

ಈಗ ಶಾಂತಲಾಳ ಮಾತು ಹೇಳಬೇಕು.

ಶಾಂತಲಾ ಯಡ್ರಾಮಿಯ ಹುಡುಗಿ. ನಾನು ಸೇರಿದ ಒಂದು ವರ್ಷಕ್ಕೆ ಬಂದಳು, ಕನ್ನಡಕ್ಕೇ. ನಾವಿಬ್ಬರೂ ಸೇರಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದಿದ್ದೆವು. ನನ್ನನ್ನು ನಮ್ಮ ಮನೆಮಾತಿನಲ್ಲೇ ಆಪಾ, ಅಕ್ಕ, ಎನ್ನುತ್ತಿದ್ದಳು. ರಮಜಾನಿನಲ್ಲಿ ನಾನು ಬೆಳಗಿನ ಜಾವ ಏಳುವಾಗ ನನಗಿಂತ ಮೊದಲೇ ಎದ್ದು ಚಹಾ ಇಟ್ಟಿರುತ್ತಿದ್ದಳು. ಪಾಠ ಮಾಡುವುದರಲ್ಲಿ ನನಗಿಂತ ಬಹಳ ಮುಂದೆ. ಅವಳ ತರಗತಿಯಿದ್ದರೆ ಬೇರೆ ವಿಷಯದ ಹುಡುಗರೂ ಬಂದು ಬಾಗಿಲ ಬಳಿ ನಿಲ್ಲುತ್ತಿದ್ದರು. ಛಂದಸ್ಸು ಅವಳಿಗೆ ಬಾಯಿಪಾಠ. ನಾನು ನನ್ನ ತರಗತಿಯ ಹಿಂದಿನ ದಿನ ಅವಳಿಂದ ಹೇಳಿಸಿಕೊಂಡು ಹೋಗುತ್ತಿದ್ದೆ.

ಒಂದು ರವಿವಾರ ತಲೆ ತೊಳೆದುಕೊಂಡು ಮಾಳಿಗೆಯ ಮೇಲೆ ಕೂದಲು ಒಣಗಿಸುತ್ತ ಕೂತಿದ್ದೆವು. ಮಾತಿಗೆ ಮಾತು ಬಂದು, ತನ್ನ ಹೆಸರು ಮೊದಲು ಶಾಂತಾಬಾಯಿ ಎಂದಿತ್ತು, ಅಜ್ಜಿಯ ಹೆಸರು, ಕಾಲೇಜಿನಲ್ಲಿ ಎಲ್ಲರೂ ಬಾಯಿ ಬಾಯಿ ಎಂದು ಚೇಷ್ಟೆ ಮಾಡುತ್ತಿದ್ದರು, ಎಂ.ಎ.ಗೆ ಸೇರುವ ಮೊದಲು ಅಫಿಡವಿಟ್ ಮಾಡಿಸಿ ಬದಲಾಯಿಸಿಕೊಂಡೆ ಎಂದಳು. ಹೇಳಿ ತಾನೇ ನಕ್ಕಳು. ಈ ಊರಲ್ಲಿ ಯಾರಿಗೂ ಹೇಳಬೇಡಿ ಆಪಾ, ಹುಡುಗರಿಗೆ ಗೊತ್ತಾದರೆ ಮುಗಿಯಿತು ಎಂದಳು. ಇಲ್ಲವೆಂದು ನಾನೂ ನಕ್ಕೆ.

ಆ ವರ್ಷ ದೀಪಾವಳಿಯ ನಂತರ ಆಡಳಿತ ಮಂಡಳಿಯವರು ಕನ್ನಡಕ್ಕೆ ಒಂದು ಕಾಯಂ ಹುದ್ದೆ ತುಂಬಲು ನಿಶ್ಚಯ ಮಾಡಿದರು. ಇದ್ದವರು ಇಬ್ಬರು, ಹುದ್ದೆ ಒಂದು. ಅವಳ ಅಂಕ ಹೆಚ್ಚು, ಹುಡುಗರ ಬಾಯಲ್ಲಿ ಅವಳ ಹೆಸರು ಹೆಚ್ಚು. ನನಗೆ ಮೂವತ್ತೆಂಟು ನಡೆದಿತ್ತು. ಆಳಂದದಲ್ಲಿ ಅಬ್ಬಾನ ಕಣ್ಣಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಇದನ್ನು ಕಾರಣವೆಂದು ಬರೆಯುತ್ತಿಲ್ಲ. ಮೇಲೆ ಬೇರೆಯವರ ಕಾರಣಗಳನ್ನು ನಂಬುವುದಿಲ್ಲ ಎಂದು ಬರೆದ ಮೇಲೆ ನನ್ನದನ್ನು ನಂಬಿ ಎನ್ನುವ ಹಕ್ಕು ನನಗಿಲ್ಲ.

ಇಬ್ಬರ ಹಿನ್ನೆಲೆ ನೋಡಿ ಹೇಳಲು ಪ್ರಿನ್ಸಿಪಾಲರು ಗ್ರಂಥಪಾಲಕರಿಗೆ ಹೇಳಿದ್ದರು. ಒಂದು ಮಧ್ಯಾಹ್ನ ಅವರು ನನ್ನನ್ನು ಕರೆಸಿದರು. ಗ್ರಂಥಾಲಯದಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮ್ಮ ಬಗ್ಗೆ ಛಂದಸ್ಸು ಬಿಟ್ರ ಏನೂ ಇಲ್ರಿ," ಎಂದರು. "ಆಕಿ ಬಗ್ಗೆ ಏನಂದ್ರ ಏನೂ ಇಲ್ಲ. ಎಂ.ಎ.ಕ್ಕಿಂತ ಹಿಂದ ಆಕಿ ಹುಟ್ಟೇ ಇಲ್ಲೇನೋ ಅನ್ನಂಗದ. ಹಂಗ ಇರಂಗಿಲ್ಲ ಮೇಡಂ. ಆಕಿಗಿ ಬ್ಯಾರೆ ಹೆಸರು ಇತ್ತು. ಏನದು?"

ಅವರು ನನ್ನ ಮುಖ ನೋಡಲಿಲ್ಲ. ಉದ್ಧರಣ ಚಿಹ್ನೆ ಎರಡನ್ನೂ ಆಗಲೇ ಒತ್ತಿ, ನಡುವೆ ಜಾಗ ಬಿಟ್ಟುಕೊಂಡು ಕೂತಿದ್ದರು. ಆ ಖಾಲಿ ಜಾಗದಲ್ಲಿ ಕರ್ಸರ್ ಮಿಣುಕುತ್ತಿತ್ತು. ನನಗೆ ಗೊತ್ತಿಲ್ಲ ಎನ್ನಬಹುದಾಗಿತ್ತು. ಎದ್ದು ಹೋಗಬಹುದಾಗಿತ್ತು.

"ಶಾಂತಾಬಾಯಿ," ಎಂದೆ.

ಅವರು ಅದನ್ನು ತುಟಿಯಲ್ಲೇ ಉಚ್ಚರಿಸುತ್ತ ಒಂದು ಬೆರಳಿನಲ್ಲಿ ಬರೆದರು. ಮುಂದೆ ಅವಳ ತಂದೆಯ ಹೆಸರು, ವಿಶ್ವವಿದ್ಯಾಲಯದ ಜಾಲತಾಣ, ಪಿಡಿಎಫ್. ನೀರು ಕುಡಿದರು. ಎಂಟರ್ ಒತ್ತಿದರು. ಬಂದದ್ದು ಮೂರು ಸಾಲು. ಮೂರನೆಯದನ್ನು ತೆರೆದು, ಓದಿ, ಮಾನಿಟರನ್ನು ನನ್ನ ಕಡೆ ತಿರುಗಿಸಿದರು. ಬಿ.ಎ. ಕೊನೆಯ ವರ್ಷದ ಪರೀಕ್ಷೆಯಲ್ಲಿ ಅಕ್ರಮ ಎಸಗಿದ ಆರೋಪದ ಮೇಲೆ ಕೆಳಕಂಡವರ ಫಲಿತಾಂಶ ತಡೆಹಿಡಿಯಲಾಗಿದೆ ಎಂಬ ಪ್ರಕಟಣೆ. ಕೆಳಗೆ ಹದಿನಾರು ಹೆಸರು. ಹನ್ನೊಂದನೆಯದು ಅವಳದು, ತಂದೆಯ ಹೆಸರು, ಊರಿನ ಸಮೇತ.

ಅಷ್ಟಕ್ಕೇ ಬಿಡಲಿಲ್ಲ ಅವರು. ಕುರ್ಚಿ ಹಿಂದಕ್ಕೆ ಸರಿಸಿ, ಕೀಬೋರ್ಡನ್ನು ನನ್ನ ಮುಂದೆ ತಳ್ಳಿದರು.

"ಪ್ರಿಂಟ್ ನೀವೇ ಒತ್ರಿ ಮೇಡಂ. ನನಗೇನು ಹುದ್ದೆ ಬೇಕಾಗಿಲ್ಲ."

ನಾನು ಒತ್ತಿದೆ.

ಮರುದಿನ ಹನ್ನೊಂದು ಗಂಟೆಗೆ ಪ್ರಿನ್ಸಿಪಾಲರು ಮೂಲ ಕಾಗದಪತ್ರಗಳನ್ನು ತೆಗೆದುಕೊಂಡು ಬರುವಂತೆ ಶಾಂತಲಾಳಿಗೆ ಹೇಳಿಕಳಿಸಿದರು. ಕಾಯಂ ಮಾಡಲು ಕರೆದಿದ್ದಾರೆ ಎಂದುಕೊಂಡು ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಹೋದಳು. ಹತ್ತು ನಿಮಿಷಕ್ಕೆ ಬಂದಳು. ಸ್ಟಾಫ್ ರೂಮಿನಲ್ಲಿ ಎಂಟು ಜನರಿದ್ದೆವು. ಅಷ್ಟರಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಪ್ರಿಂಟಿನ ಪ್ರತಿಗಳು ಅದು ಹೇಗೋ ಮೇಜಿಂದ ಮೇಜಿಗೆ ಹೋಗಿದ್ದವು. ಯಾರೂ ತಲೆ ಎತ್ತಲಿಲ್ಲ. ಅವಳು ತನ್ನ ಊಟದ ಡಬ್ಬಿ, ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ನನ್ನ ಹತ್ತಿರ ಬಂದು ನಿಂತಳು. ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ.

"ಮೂರನೇ ವರ್ಷದವರಿಗೆ ಷಟ್ಪದಿ ಅರ್ಧ ಆಗ್ಯದ ಆಪಾ. ಭಾಮಿನಿ ಮುಗದದ, ವಾರ್ಧಕ ನೀವು ಹೇಳ್ರಿ," ಎಂದಳು.

ಸಂಜೆ ನಾನು ಖೋಲಿಗೆ ಹೋಗುವಷ್ಟರಲ್ಲಿ ಅವಳ ಅರ್ಧ ಖಾಲಿಯಾಗಿತ್ತು. ಅವಳ ಪಾಲಿನ ಬಾಡಿಗೆ ನನ್ನ ದಿಂಬಿನ ಮೇಲಿತ್ತು. ನನಗೆ ಹುದ್ದೆ ಆಯಿತು. ವಾರ್ಧಕ ಷಟ್ಪದಿಯನ್ನು ಆ ವರ್ಷ ನಾನು ಹೇಳಲಿಲ್ಲ, ಪರೀಕ್ಷೆಗೆ ಬರುವುದಿಲ್ಲ ಎಂದು ಬಿಡಿಸಿದೆ.

ಅದಾದ ಮೇಲೆ ಗ್ರಂಥಪಾಲಕರು ಒಂದು ದಿನವೂ ಆ ವಿಷಯ ಎತ್ತಲಿಲ್ಲ. ವರಾಂಡದಲ್ಲಿ ಎದುರಾದರೆ ಕ್ಲಾಸು ಹೇಗೆ ನಡೆದಿವೆ ಎಂದು ಕೇಳುತ್ತಿದ್ದರು, ಅಷ್ಟೇ. ನನಗೆ ಅದೇ ಸಾಕಾಗುತ್ತಿತ್ತು. ನಾನು ಗ್ರಂಥಾಲಯಕ್ಕೆ ಹೋಗುವುದನ್ನು ಬಿಟ್ಟೆ. ಪುಸ್ತಕ ಬೇಕಾದರೆ ಮೌಲಾ ಚಾಚಾನನ್ನು ಕಳಿಸುತ್ತಿದ್ದೆ. ಒಂದು ವರ್ಷಕ್ಕೆ ಗ್ರಂಥಪಾಲಕರು ನಿವೃತ್ತರಾದರು. ಬೀಳ್ಕೊಡುಗೆಗೆ ಅರ್ಧ ಸ್ಟಾಫು ರಜೆ ಹಾಕಿತ್ತು. ಬಂದವರಲ್ಲಿ ಯಾರೂ ಅವರಿಗೆ ಸುತ್ತಿದ ಉಡುಗೊರೆ ಕೊಡಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತು. ಹೋದ ವರ್ಷ ಮಟಕಿಯಿಂದ ಅವರ ಸೊಸೆ ಫೋನ್ ಮಾಡಿ, ಮಾವನವರು ಒಮ್ಮೆ ಬಂದು ಹೋಗಿ ಎನ್ನುತ್ತಿದ್ದಾರೆ ಎಂದಳು. ನಾನು ಹೋದೆ. ಅಂಗಳದ ಬೇವಿನ ಕೆಳಗೆ ಹೊರಸಿನ ಮೇಲೆ ಕೂತಿದ್ದರು. ಕೈಯಲ್ಲಿ ಮೊಬೈಲು ಹಿಡಿದು ಅದಕ್ಕೆ ಯಾರದೋ ಹೆಸರು ಹೇಳುತ್ತಿದ್ದರು. ಉದ್ಧರಣ ಚಿಹ್ನೆ ಬೇಕೆಂದು ಡಬಲ್ ಕೋಟು ಎಂದರೆ ಅದು ಡಬಲ್ ಕೋಟು ಎಂದೇ ಬರೆಯುತ್ತಿತ್ತು. ಎರಡು ಚುಕ್ಕೆ ಎಂದರೆ ಎರಡು ಚುಕ್ಕೆ ಎಂಬ ಶಬ್ದ. ಬಂದದ್ದನ್ನು ಫೋನು ಗಟ್ಟಿಯಾಗಿ ಓದಿಹೇಳುತ್ತಿತ್ತು, ರಂಗೋಲಿಯ ಚುಕ್ಕೆಗಳು, ಕೋಟು ಹೊಲಿಸುವ ಅಂಗಡಿಗಳು. ಸೊಸೆ ಒಲೆಯ ಮುಂದಿನಿಂದಲೇ ನಗುತ್ತಿದ್ದಳು. ದಿನವಿಡೀ ಹೀಗೇ ಮಂದಿಯ ಹೆಸರು ಕೂಗುತ್ತಾರೆ ಎಂದು ನನಗೆ ಹೇಳಿದಳು. ಟೈಪ್ ಮಾಡಿಕೊಡು ಎಂದು ಬೇಡಿದರೆ ನಾಳೆ ಮಾಡಿಕೊಡುತ್ತೇನೆ ಎನ್ನುತ್ತಾಳಂತೆ. ನನಗೆ ಅವರ ಮೇಲೆ ಮರುಕ ಬರಲಿಲ್ಲ. ಬರುತ್ತದೇನೋ ಎಂದು ಸ್ವಲ್ಪ ಹೊತ್ತು ಕಾಯ್ದೆ ಕೂಡ.

ಚಹಾ ಕುಡಿಯುತ್ತ ಅವರು ತಾವಾಗಿಯೇ ಆ ಮಾತು ತೆಗೆದರು. ಶಾಂತಾಬಾಯಿಯ ಆ ಪ್ರಕಟಣೆಯಾಗಿ ನಾಲ್ಕು ತಿಂಗಳಿಗೆ ಇನ್ನೊಂದು ಆದೇಶ ಆಗಿತ್ತಂತೆ. ಬೆಂಚಿನ ಕೆಳಗೆ ಸಿಕ್ಕ ಚೀಟಿಯ ಅಕ್ಷರ ಅವಳದಲ್ಲ, ಅವಳ ಮೇಲೆ ಯಾವ ದೋಷವೂ ಇಲ್ಲ, ಫಲಿತಾಂಶ ಬಿಡುಗಡೆ ಮಾಡಲಾಗಿದೆ ಎಂದು. ಆದರೆ ಅದು ಕಾಗದವನ್ನು ಫೋಟೋ ತೆಗೆದು ಜಾಲತಾಣಕ್ಕೆ ಏರಿಸಿದ್ದು. ಫೋಟೋದೊಳಗಿನ ಅಕ್ಷರ ಮಷೀನಿಗೆ ಕಂಡಿರಲಿಲ್ಲ. ಹೆಸರು ಹಾಕಿ ಎಷ್ಟು ಹುಡುಕಿದರೂ ಸಿಗುವಂಥದ್ದಲ್ಲ. ಮೊದಲಿನ ಪ್ರಕಟಣೆಯ ಕ್ರಮಸಂಖ್ಯೆ ಹಾಕಿ ಅದನ್ನು ಏರಿಸಿದ ಪುಟ ಹುಡುಕಿ, ಆ ವರ್ಷದ ಆದೇಶಗಳನ್ನು ಒಂದೊಂದಾಗಿ ತೆರೆದು, ಕಣ್ಣಲ್ಲೇ ಓದಬೇಕಾಗಿತ್ತು. ಅವರು ಓದಿದ್ದರು.

ಯಾವಾಗ ಎಂದು ಕೇಳಿದೆ.

"ಆಕಿ ಹೋಗಿ ನಾಕು ದಿನಕ್ಕ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರು ಕುರುಡುಗಣ್ಣನ್ನು ನನ್ನ ಮುಖಕ್ಕಿಂತ ತುಸು ಎಡಕ್ಕೆ ನೆಟ್ಟಿದ್ದರು.

"ನೀವು ಕೇಳಲಿಲ್ಲಲ್ರಿ. ಹುಡುಕೋದು ನಿಮಗೂ ಕಲಸಿದ್ದೆ. ಐದು ವರ್ಷ ಆತು, ನೀವು ಒಂದು ದಿನನಾದ್ರೂ ಹುಡುಕಿದ್ರೇನು?"

ನಾನು ಹುಡುಕಿರಲಿಲ್ಲ. ಮೊದಲನೆಯ ಪ್ರಕಟಣೆಯ ಪ್ರತಿ ನನ್ನ ಕಪಾಟಿನಲ್ಲೇ ಇತ್ತು, ಕ್ರಮಸಂಖ್ಯೆಯೂ ಅದರ ಮೇಲೇ ಇತ್ತು. ಒಮ್ಮೆಯೂ ಹುಡುಕಿರಲಿಲ್ಲ. ಅಂದು ಮಟಕಿಯಿಂದ ಬಂದ ಮೇಲೂ ಹುಡುಕಲಿಲ್ಲ. ಶಾಂತಲಾ ಗಾಣಗಾಪುರದಲ್ಲಿ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತಾಳೆಂದು ಹುಣ್ಣಿಮೆಗೆ ಹೋಗಿಬಂದ ಹುಡುಗರು ಹೇಳಿದ್ದರು. ಬಸ್ಸಿಗೆ ಹೆಚ್ಚು ಹೊತ್ತಿನ ದಾರಿಯಲ್ಲ. ಆದರೂ ಹೋಗಲಿಲ್ಲ. ಯಾಕೆಂದು ಈಗ ಹೇಳಬಲ್ಲೆ. ನಾನು ಆ ಹೆಸರು ಹೇಳಿದ್ದನ್ನು, ಆ ಗುಂಡಿ ಒತ್ತಿದ್ದನ್ನು ಕಂಡವರು ಲೋಕದಲ್ಲಿ ಒಬ್ಬರೇ ಇದ್ದರು. ಅವರು ಬದುಕಿರುವವರೆಗೆ ನಾನು ಯಾವ ಮುಖ ಹೊತ್ತು ಹೋದರೂ ಅದನ್ನು ಸುಳ್ಳು ಮಾಡಲು ಅವರ ಒಂದು ಮಾತು ಸಾಕಾಗಿತ್ತು.

ಮಣ್ಣು ಮುಗಿಸಿ ಬಂದ ಮರುದಿನ ಕಾಲೇಜಿನ ಗ್ರಂಥಾಲಯದಲ್ಲಿ ಕೂತು ಹುಡುಕಿದೆ. ಕ್ರಮಸಂಖ್ಯೆ, ಅದರ ಆಚೀಚೆ ಉದ್ಧರಣ ಚಿಹ್ನೆ, ಜಾಲತಾಣ, ವರ್ಷ. ಮೂವತ್ತು ಕಾಗದ ತೆರೆದು ಓದುವುದರೊಳಗೆ ಸಿಕ್ಕಿತು. ಅರ್ಧ ಗಂಟೆಯೂ ಹಿಡಿಯಲಿಲ್ಲ. ಓರೆಯಾಗಿ ಫೋಟೋ ತೆಗೆದ ಹಾಳೆ, ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ನೆರಳು, ನಡುವೆ ಅವಳ ಹೆಸರು. ಪ್ರಿಂಟ್ ಮಾಡಿಕೊಂಡು ಮೂರನೆಯ ದಿನ ಗಾಣಗಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. ಸರ್ ಒಂದು ತಪ್ಪು ಮಾಡಿದರು, ನನಗೆ ಈಗಷ್ಟೇ ಗೊತ್ತಾಯಿತು, ಪ್ರಿನ್ಸಿಪಾಲರ ಹತ್ತಿರ ನಾನೇ ಮಾತಾಡುತ್ತೇನೆ, ಹೀಗೆ. ಅದರಲ್ಲಿ ನಾನು ಹೇಳಿದ ಹೆಸರಿನ ಮಾತು ಎಲ್ಲಿಯೂ ಬರದ ಹಾಗೆ ಜೋಡಿಸಿದ್ದೆ.

ಲಾಡ್ಜು ಗುಡಿಗೆ ಹೋಗುವ ದಾರಿಯಲ್ಲೇ ಇತ್ತು. ಅವಳು ಕೌಂಟರಿನ ಹಿಂದೆ ಕೂತು ಮರಾಠಿ ಯಾತ್ರಿಕರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನನ್ನು ಕಂಡು ಬೆಚ್ಚಲಿಲ್ಲ. ಬರ್ರಿ ಆಪಾ, ಕೂಡ್ರಿ ಎಂದು ಬೆಂಚು ತೋರಿಸಿ, ಯಾತ್ರಿಕರಿಗೆ ಕೀಲಿ ಕೊಟ್ಟು ಕಳಿಸಿ, ಹೊರಗಿನಿಂದ ಚಹಾ ತರಿಸಿದಳು. ಅಬ್ಬಾ ಹೇಗಿದ್ದಾರೆ ಎಂದು ಕೇಳಿದಳು. ನಾನು ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿ ಕಾಗದವನ್ನು ಕೌಂಟರಿನ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಕೂತಲ್ಲಿಂದಲೇ ಒಮ್ಮೆ ನೋಡಿದಳು.

"ಇದು ಆವತ್ತೂ ನನ್ನ ಹತ್ರ ಇತ್ತು ಆಪಾ," ಎಂದಳು. "ಮೂಲ ಕಾಗದ ತಗೊಂಡು ಬರ್ರಿ ಅಂದಿದ್ರಲ್ಲ, ಅದರಾಗೇ ಇತ್ತು. ಚೀಲದಾಗ ಇಟ್ಕೊಂಡೇ ಪ್ರಿನ್ಸಿಪಾಲರ ಖೋಲಿಗೆ ಹೋಗಿದ್ದೆ."

ಮತ್ತೆ ತೋರಿಸಲಿಲ್ಲವೇಕೆ ಎಂದು ಕೇಳಿದೆ. ಕೇಳಬಾರದಾಗಿತ್ತು.

"ಒಳಗ ಹೋದ ಕೂಡ್ಲೇ ಅವರು ಶಾಂತಾಬಾಯಿ ಅಂತ ಕರದ್ರು. ಆ ಹೆಸರು ಆ ಊರಾಗ ನಿಮಗೊಬ್ಬರಿಗೇ ಗೊತ್ತಿತ್ತು. ಆಮ್ಯಾಲ ತೋರಸಬೇಕು ಅನಿಸಲಿಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಂದೋ ಓದಿ ಮುಗಿಸಿದ ಪಾಠ ಹೇಳುವ ಹಾಗೆ ಹೇಳುತ್ತಿದ್ದಳು. ಸರ್ ನಿವೃತ್ತರಾದ ವರ್ಷ ಇದೇ ಕಾಗದ ಹಿಡಿದುಕೊಂಡು ಇಲ್ಲಿಗೆ ಬಂದಿದ್ದರು ಎಂದಳು. ಆಗ ಅವರಿಗೆ ಕಣ್ಣು ಸ್ವಲ್ಪ ಕಾಣುತ್ತಿತ್ತಂತೆ. ತಪ್ಪಾಯಿತು ಎನ್ನಲಿಲ್ಲವಂತೆ. ಕಾಗದ ಆವತ್ತು ತನ್ನ ಚೀಲದಲ್ಲೇ ಇತ್ತೆಂದು ಇವಳು ಹೇಳಿದ್ದನ್ನು ಕೇಳಿ ಆ ಬೆಂಚಿನ ಮೇಲೆ ಒಂದು ತಾಸು ಸುಮ್ಮನೆ ಕೂತು, ಗುಡಿಗೂ ಹೋಗದೆ ಮಟಕಿಗೆ ತಿರುಗಿ ಹೋದರಂತೆ.

"ಹೋಗುಮುಂದ ನಾ ಕೇಳಿದೆ, ಆಪಾ ಒಂದಿನ ಬರ್ತಾರೇನ್ರಿ ಸರ್ ಅಂತ. ಬರ್ತಾರ, ನಾ ಸತ್ತ ಮ್ಯಾಲ ಬರ್ತಾರ, ಅಂದ್ರು."

ಬಾಗಿಲಲ್ಲಿ ಇನ್ನೊಂದು ಯಾತ್ರಿಕರ ಗುಂಪು ಚಪ್ಪಲಿ ಬಿಡುತ್ತಿತ್ತು. ಅವಳು ಪುಸ್ತಕದ ಹೊಸ ಪುಟ ತೆರೆದು ಪೆನ್ನು ಕೈಗೆತ್ತಿಕೊಂಡಳು. ಸರ್ ತೀರಿಹೋದ ಮಾತನ್ನು ನಾನು ಅಲ್ಲಿಯವರೆಗೆ ಹೇಳಿರಲೇ ಇಲ್ಲ.

"ಯಾವಾಗ ಹೋದ್ರು ಸರ್?" ಎಂದು ಕೇಳಿದಳು.

ಸೋಮವಾರ, ಎಂದೆ.